ಪ್ಲಾಸ್ಟಿಕ್ ಕವರ್ ಕೀಳದ 800

ತುಮಕೂರಿನ ಶಿರಾ ಗೇಟ್ ಹತ್ತಿರ ನಾನು 20 ವರ್ಷದಿಂದ ಹೋಗುತ್ತಿರುವ ಒಂದು ಗ್ಯಾರೇಜ್ ಇದೆ. ಬೋರ್ಡ್ ಇಲ್ಲ. ಇದ್ದದ್ದು ಯಾವುದೋ ಮಳೆಗಾಳಿಗೆ ಬಿತ್ತು, ಮತ್ತೆ ಹಾಕಿಸಲಿಲ್ಲ. ಗೊತ್ತಿರುವವರು ಬರುತ್ತಾರೆ, ಗೊತ್ತಿಲ್ಲದವರು ಬಂದು ಏನಾಗಬೇಕಿದೆ ಅನ್ನುವ ಲೆಕ್ಕ. ಮೆಕ್ಯಾನಿಕ್‌ನ ಎಲ್ಲರೂ ಭಾಯ್ ಅಂತಲೇ ಕರೆಯುವುದು. ಹೋದ ಮಳೆಗಾಲದಲ್ಲಿ ನಮ್ಮ ಮಾರುತಿ 800ರ ವೈಪರ್ ಗಾಜಿನ ಅರ್ಧದ ತನಕ ಹೋಗಿ ನಿಂತು, ಚಳಿಜ್ವರ ಬಂದವರ ಹಾಗೆ ನಡುಗಲು ಶುರು ಮಾಡಿತು. ಒಳಗಿನ ಲಿಂಕೇಜ್ ಸವೆದಿದೆ ಅಂದರು ಭಾಯ್. ಕಾರಿಗೆ 30 ವರ್ಷ. ಸವೆಯದೆ ಇನ್ನೇನಾಗುತ್ತದೆ.

ಪಾರ್ಟ್ ಬೆಂಗಳೂರಿನ ಜೆ.ಸಿ. ರೋಡಿನಿಂದ ಬರಬೇಕು, ಎರಡು ದಿನ ಬಿಟ್ಟು ಬನ್ನಿ ಅಂತ ಹೇಳಿ, ಬನಿಯನ್ ಬಟ್ಟೆಗೆ ಕೈ ಒರೆಸಿಕೊಂಡು, ಫೋನ್ ತೆಗೆದು ನನ್ನ ಮುಖದ ಮುಂದೆ ಹಿಡಿದರು.

"ನೋಡಿ ಸಾರ್, ನಿಮ್ ಗಾಡಿ. ಹೊಸದು."

ವಿಡಿಯೋದಲ್ಲಿ ಲಾಹೋರಿನ ಯಾರೋ ಹುಡುಗ ಒಂದು ಬಿಳಿ ಕಾರಿನ ಸುತ್ತ ಓಡಾಡುತ್ತಿದ್ದ. ಅದೇ ಚೌಕಾಕಾರದ ಹೆಡ್‌ಲೈಟು. ಅದೇ ಮೋಟು ಮೂತಿ. 12 ಇಂಚಿನ ಅದೇ ಪುಟ್ಟ ಚಕ್ರಗಳು. ಅವನು ಬಾಗಿಲು ಹಾಕಿದಾಗ ಬಂದ ಸದ್ದು ಕೂಡ ಅದೇ, ಬಿಸ್ಕತ್ ಡಬ್ಬಿಯ ಮುಚ್ಚಳ ಒತ್ತಿದ ಹಾಗೆ. ಸೀಟಿನ ಮೇಲಿನ ಪ್ಲಾಸ್ಟಿಕ್ ಕವರ್ ಇನ್ನೂ ಕಿತ್ತಿರಲಿಲ್ಲ. ಹಿಂದೆ ಮೆಹ್ರಾನ್ ಅಂತ ಬರೆದಿತ್ತು, ನಮ್ಮ 800ಕ್ಕೆ ಪಾಕಿಸ್ತಾನದಲ್ಲಿ ಇದ್ದ ಹೆಸರು. 2018ರಲ್ಲಿ ಶೋರೂಮಿನಿಂದ ಈಗಷ್ಟೇ ಇಳಿದ ಗಾಡಿ ಅದು.

ಫೋನ್ ಕಿತ್ತುಕೊಂಡು ಇನ್ನೊಂದು ಸಲ ನೋಡಿದೆ. ನಮ್ಮ ಮನೆಯ ಕಾರನ್ನು ನಾನು ಹೊಸದಾಗಿ ನೋಡಿದ್ದು 1995ರಲ್ಲಿ. ಆಗ ನಾನು ಕಾಲೇಜು ಹುಡುಗ. ಆ ಪ್ಲಾಸ್ಟಿಕ್ ಕವರನ್ನು ಅಪ್ಪ ಎರಡು ವರ್ಷ ಕೀಳಲು ಬಿಡಲಿಲ್ಲ, ಬೇಸಿಗೆಯಲ್ಲಿ ಬೆನ್ನಿಗೆ ಅಂಟಿಕೊಂಡು ಸುಡುತ್ತಿತ್ತು. ಅದೇ ಕವರು, ಅದೇ ಕಾರು, 23 ವರ್ಷ ಆದ ಮೇಲೆ ಗಡಿಯ ಆಚೆ ಇನ್ನೊಬ್ಬರ ಮನೆಗೆ ಹೋಗುತ್ತಿದೆ. ನಮ್ಮಲ್ಲಿ ನಿಂತು ಹೋಗಿ ನಾಲ್ಕು ವರ್ಷ ಆದ ಮೇಲೆ!

ಅವತ್ತು ಮನೆಗೆ ಆಟೋದಲ್ಲಿ ಬಂದೆ. ಆಮೇಲೆ ಒಂದು ವಾರ ರಾತ್ರಿ ಊಟ ಆದ ಮೇಲೆ ಕೂತು ಇದನ್ನೇ ಓದಿದೆ. ಒಂದು ದೇಶ ಬಿಟ್ಟ ಕಾರು ಇನ್ನೊಂದು ದೇಶದಲ್ಲಿ ಹೇಗೆ ಬದುಕುತ್ತದೆ, ಎಷ್ಟು ವರ್ಷ ಬದುಕುತ್ತದೆ. ಹೆಂಡತಿ ಎರಡು ಸಲ ಬಂದು ನೋಡಿ, ಹೊಸ ಕಾರೇನೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಹೋದಳು.

ಮೊದಲು ನಮ್ಮದೇ ಕಾರಿನ ಕಥೆ ಹೇಳಿಬಿಡುತ್ತೇನೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಹರ್ಪಾಲ್ ಸಿಂಗ್ ಅನ್ನುವವರ ಕೈಗೆ ಕೀಲಿ ಕೊಟ್ಟ ಫೋಟೋ ನೀವು ನೋಡಿರಬಹುದು. ಅದು ಮೊದಲ ಮಾರುತಿ 800. ಅದರ ಆಕಾರ ಬೇರೆ, ನಾವು ಜಾಸ್ತಿ ನೋಡಿರುವ ಆಕಾರ ಬಂದದ್ದು 1986ರಲ್ಲಿ. ಇದು ಜಪಾನಿನಲ್ಲಿ ಸುಜುಕಿ ಆಲ್ಟೋ ಅನ್ನುವ ಹೆಸರಲ್ಲಿ 1984ರಲ್ಲಿ ಹುಟ್ಟಿತು. ಅಲ್ಲಿ ಅದಕ್ಕೆ ಇದ್ದದ್ದು 543 ಸಿಸಿ ಎಂಜಿನ್, ನಮಗೆ 796 ಸಿಸಿ. ಜಪಾನಿನಲ್ಲಿ 1988ಕ್ಕೆ ಅದರ ಕಥೆ ಮುಗಿದು ಹೊಸ ಆಲ್ಟೋ ಬಂತು. ಅಂದರೆ ಹುಟ್ಟಿದ ಮನೆಯಲ್ಲಿ ಅದು ಬಾಳಿದ್ದು 4 ವರ್ಷ. ನಮ್ಮಲ್ಲಿ 2014ರ ಜನವರಿ ತನಕ, 28 ವರ್ಷ. ಕರಾಚಿಯಲ್ಲಿ 1989ರಿಂದ 2019ರ ತನಕ, 30 ವರ್ಷ. ಮೆಹ್ರಾನ್‌ಗೆ ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂದದ್ದೇ 2012ರ ಹೊತ್ತಿಗೆ. ಗೇರು ಕೊನೆಯ ತನಕವೂ ನಾಲ್ಕೇ.

ಈ ಲೆಕ್ಕ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಈಗ 81. ಪೇಪರಿನಿಂದ ತಲೆ ಎತ್ತದೆ ಕೇಳಿದರು. "ನಾಲ್ಕೇ ವರ್ಷಕ್ಕೆ ಬೇಜಾರಾಯ್ತಾ ಅವ್ರಿಗೆ?"

ಬೇಜಾರು ಅನ್ನುವುದು ಸರಿಯಾದ ಪದವೇ ಅನಿಸುತ್ತದೆ. ಕಾರು ಕೆಟ್ಟದ್ದಾಗಿ ಅದನ್ನು ಬಿಟ್ಟವರಲ್ಲ ಅವರು. ಪಕ್ಕದ ಕಂಪನಿಯವರು ಹೊಸ ಮೂತಿ ತಂದರು, ಇವರೂ ತರಬೇಕಾಯಿತು. ಆಗ ಹಳೆಯ ಮೂತಿಯ ಅಚ್ಚು ಏನು ಮಾಡುವುದು? ಇಲ್ಲೇ ಇರುವುದು ವಿಷಯ.

ಕಾರಿನ ಮೈ ಅಂದರೆ ತಗಡು. ಆ ತಗಡನ್ನು ಒತ್ತಿ ಬಾಗಿಲು, ಬಾನೆಟ್, ಟಾಪು ಮಾಡಲು ಉಕ್ಕಿನ ದೊಡ್ಡ ದೊಡ್ಡ ಅಚ್ಚುಗಳು ಬೇಕು, ಟನ್‌ಗಟ್ಟಲೆ ತೂಕದವು. ಒಂದು ಹೊಸ ಮಾಡೆಲ್‌ಗೆ ಹಾಕುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಅಚ್ಚು ಮತ್ತು ಅದರ ಜೊತೆಗಿನ ಸಲಕರಣೆಗಳಿಗೇ ಹೋಗುತ್ತದೆ. ಆ ದುಡ್ಡು ಒಂದು ಸಲ ವಾಪಸ್ ಬಂದ ಮೇಲೆ ಅಚ್ಚು ಬಿಟ್ಟಿ ಇದ್ದ ಹಾಗೆ. ಸವೆಯುತ್ತದೆ, ರಿಪೇರಿ ಮಾಡಬೇಕು, ಆದರೆ ಕೆಲಸ ಮಾಡುತ್ತದೆ. ಅಚ್ಚುಬೆಲ್ಲ ಹುಯ್ಯುವ ಮರದ ಅಚ್ಚು ನೋಡಿದ್ದೀರಲ್ಲ. ನನ್ನ ಅಜ್ಜನ ಊರಿನ ಆಲೆಮನೆಯಲ್ಲಿ ಇದ್ದದ್ದನ್ನು ಆಲೆಮನೆ ನಿಂತ ಮೇಲೆ ನೆಂಟರು ಹೊತ್ತುಕೊಂಡು ಹೋದರು, ಅವರ ಊರಲ್ಲಿ ಅದೇ ಗುಳಿಯ ಬೆಲ್ಲ ಇನ್ನೂ ಹತ್ತು ವರ್ಷ ಬಂತು. ಕಾರಿನದೂ ಅಷ್ಟೇ. ಅಚ್ಚು ಹಡಗು ಹತ್ತುತ್ತದೆ. ಇಲ್ಲವಾದರೆ ಲೈಸೆನ್ಸ್ ಮಾರಿ, ಡ್ರಾಯಿಂಗ್ ಕೊಟ್ಟು, ಅಲ್ಲೇ ಹೊಸ ಕಾರ್ಖಾನೆ ಕಟ್ಟಿಸುತ್ತಾರೆ.

ಅಂಬಾಸಿಡರ್ ನಮಗೆ ಬಂದದ್ದು ಹಾಗೇ. ಇಂಗ್ಲೆಂಡಿನಲ್ಲಿ ಅದು 1956ರ ಮಾರಿಸ್ ಆಕ್ಸ್‌ಫರ್ಡ್, ಮೂರನೇ ಸೀರೀಸು. ಅಲ್ಲಿ ಮೂರ್ನಾಲ್ಕು ವರ್ಷಕ್ಕೆ ಮುಗಿಯಿತು. ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ಅದು 2014ರ ಮೇ ತನಕ ನಡೆಯಿತು. ನಮಗೆ ಅದು ಇಂಗ್ಲಿಷರ ಕಾರು ಅಂತ ಯಾವತ್ತಾದರೂ ಅನಿಸಿತ್ತಾ? ಗೂಟದ ಕಾರು ಅಂದರೆ ಅದೇ. ತುಮಕೂರು ರೈಲ್ವೆ ಸ್ಟೇಷನ್ ಮುಂದೆ ಸಾಲಾಗಿ ನಿಂತಿರುತ್ತಿದ್ದ ಟ್ಯಾಕ್ಸಿ ಅದೇ. ಮದುಮಗಳು ಇಳಿಯುತ್ತಿದ್ದದ್ದು ಅದರಿಂದಲೇ. ಪ್ರೀಮಿಯರ್ ಪದ್ಮಿನಿ ಕೂಡ ಇಟಲಿಯ ಫಿಯಟ್ 1100. ಆ ಸರಣಿಯನ್ನು ಇಟಲಿಯವರು 1969ಕ್ಕೇ ಬಿಟ್ಟರು, ಮುಂಬೈಯ ಕುರ್ಲಾದವರು 2000ದ ಆಸುಪಾಸಿನ ತನಕ ಹಿಡಿದುಕೊಂಡರು. ಹೊರಗಿನಿಂದ ನೋಡುವವರಿಗೆ ಇದು ತಮಾಷೆ. ನಮಗೆ ಆಗ ಬೇರೆ ಕಾರೇ ಇರಲಿಲ್ಲ, ಇದ್ದದ್ದಕ್ಕೂ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು.

ಫಿಯಟ್ ಕಥೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ರಷ್ಯಾದ್ದು. 1966ರಲ್ಲಿ ಸೋವಿಯತ್ ಸರ್ಕಾರ ಫಿಯಟ್ ಜೊತೆ ಒಪ್ಪಂದ ಮಾಡಿಕೊಂಡು ವೋಲ್ಗಾ ನದಿಯ ದಂಡೆಯಲ್ಲಿ ಒಂದು ಭಾರೀ ಕಾರ್ಖಾನೆ ಕಟ್ಟಿತು. ಊರಿನ ಹೆಸರು ತೊಲ್ಯಾತ್ತಿ. ಇಟಲಿಯ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿಯ ಹೆಸರನ್ನು ಆ ಊರಿಗೆ 1964ರಲ್ಲೇ ಇಟ್ಟಿದ್ದರು, ಕಾರು ಆಮೇಲೆ ಬಂತು. ಫಿಯಟ್ 124 ಅನ್ನುವ ಒಳ್ಳೆಯ ಕಾರನ್ನು ತಂದು ರಷ್ಯಾದ ರಸ್ತೆಗೆ ಬಿಟ್ಟು ನೋಡಿದರೆ ತಾಳಲಿಲ್ಲ. ಆಗ ಶುರುವಾಯಿತು ತಿದ್ದುವ ಕೆಲಸ. ತಗಡು ದಪ್ಪ ಮಾಡಿದರು. ನೆಲದಿಂದ ಎತ್ತರಿಸಿದರು. ಕೆಸರಿನಲ್ಲಿ ಹಿಂದಿನ ಡಿಸ್ಕ್ ಬ್ರೇಕ್ ಬಾಳುವುದಿಲ್ಲ ಅಂತ ಡ್ರಮ್ ಹಾಕಿದರು. ಬ್ಯಾಟರಿ ಹೆಪ್ಪುಗಟ್ಟಿದರೆ ಇರಲಿ ಅಂತ ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಕೊಟ್ಟರು. 1970ರಲ್ಲಿ ಮೊದಲ ಲಾಡಾ ಹೊರಬಂತು, ಆ ವಂಶದ ಕಾರುಗಳು ರಷ್ಯಾದಲ್ಲಿ ನಿಂತದ್ದು 2012ರಲ್ಲಿ. ಇಟಲಿಯಲ್ಲಿ 124 ನಿಂತು ಹೆಚ್ಚು ಕಡಿಮೆ 38 ವರ್ಷ ಆಗಿತ್ತು. ಅದೇ ಕಾರ್ಖಾನೆಯ ನೀವಾ ಅನ್ನುವ ಪುಟ್ಟ ಜೀಪು 1977ರದ್ದು, ಅದೇ ಆಕಾರದಲ್ಲಿ ಈಗಲೂ ಬರುತ್ತಿದೆ. ಅದಕ್ಕೂ ಹಳೆಯದು ಉಲ್ಯಾನೋವ್ಸ್ಕ್‌ನ ವ್ಯಾನು, 1965ರದ್ದು. ಜನ ಅದನ್ನು ಬುಹಾಂಕಾ ಅನ್ನುತ್ತಾರೆ, ಅಂದರೆ ಇಡೀ ಬ್ರೆಡ್ಡು. ನೋಡಿದರೆ ನೀವೂ ಅದನ್ನೇ ಕರೆಯುತ್ತೀರಿ.

ಇಷ್ಟು ತಿದ್ದಿದ ಮೇಲೆ ಅದು ಇಟಲಿಯ ಕಾರಾ, ರಷ್ಯಾದ ಕಾರಾ? ನನ್ನ ಪ್ರಕಾರ ರಷ್ಯಾದ್ದೇ. ತವರಿಗಿಂತ ಗಂಡನ ಮನೆಯಲ್ಲಿ ಐದು ಪಟ್ಟು ವರ್ಷ ಬಾಳಿದವಳನ್ನು ಎಲ್ಲಿಯವಳು ಅಂತ ಕೇಳಿದ ಹಾಗಾಯಿತು.

ಇರಾನಿನ ಪೈಕಾನ್ ಕೂಡ ಹೀಗೇ. ಇಂಗ್ಲೆಂಡಿನ ಹಿಲ್‌ಮನ್ ಹಂಟರ್, 1967ರಿಂದ 2005ರ ತನಕ ಅಲ್ಲಿನ ಮನೆಮನೆಯ ಕಾರು. ದಕ್ಷಿಣ ಆಫ್ರಿಕಾದಲ್ಲಿ ಮೊದಲ ಗಾಲ್ಫ್ 2009ರ ತನಕ ಬಂತು, ಶಾಂಘೈಯಲ್ಲಿ ಹಳೆಯ ಸಂತಾನಾ 2012ರ ತನಕ. ಎಲ್ಲ ಬರೆಯುತ್ತಾ ಕೂತರೆ ಪಟ್ಟಿ ಆಗುತ್ತದೆ, ಬೇಡ. ಆದರೆ ಬ್ರೆಜಿಲ್ಲಿನದೊಂದು ಹೇಳಲೇಬೇಕು. ಫೋಕ್ಸ್‌ವ್ಯಾಗನ್ ಬೀಟಲ್ ಅಲ್ಲಿ 1986ರಲ್ಲಿ ನಿಂತು ಹೋಗಿತ್ತು. ಏಳು ವರ್ಷ ಆದ ಮೇಲೆ ಅಲ್ಲಿನ ಅಧ್ಯಕ್ಷ ಇತಮಾರ್ ಫ್ರಾಂಕೋಗೆ, ಬಡವರಿಗೆ ಕೈಗೆಟುಕುವ ಕಾರು ಬೇಕು, ಬೀಟಲ್ ವಾಪಸ್ ತನ್ನಿ ಅನ್ನಿಸಿತು. ತೆರಿಗೆ ಇಳಿಸಿದರು. ಕಂಪನಿ ನಿಜಕ್ಕೂ 1993ರಲ್ಲಿ ಮತ್ತೆ ಶುರು ಮಾಡಿತು! 1996ರ ತನಕ ಮಾಡಿ ಮತ್ತೆ ನಿಲ್ಲಿಸಿತು. ಸತ್ತ ಮಾಡೆಲನ್ನು ಸರ್ಕಾರವೇ ಎಬ್ಬಿಸಿ ಕೂರಿಸಿದ್ದು ಇನ್ನೆಲ್ಲೂ ನಾನು ಕೇಳಿಲ್ಲ. ಕೊಟ್ಟಕೊನೆಯ ಬೀಟಲ್ ತಯಾರಾದದ್ದು ಮೆಕ್ಸಿಕೋದ ಪ್ಯೂಬ್ಲಾದಲ್ಲಿ, 2003ರ ಜುಲೈ 30ಕ್ಕೆ, ವಾದ್ಯದವರನ್ನು ಕರೆಸಿ ಬೀಳ್ಕೊಟ್ಟರು. ಅದು 2,15,29,464ನೇ ಬೀಟಲ್.

ಇಷ್ಟೆಲ್ಲ ಓದಿ ನಾನು ನಗುತ್ತಿದ್ದದ್ದು ಬೇರೆಯವರ ಬಗ್ಗೆ. ಪಾಪ, ಇನ್ನೂ ಹಳೆಯ ಕಾರು ಕೊಳ್ಳುತ್ತಿದ್ದಾರೆ ಅಂತ. ಅಷ್ಟರಲ್ಲಿ ನಮ್ಮ ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೊರಟೆವು, ಟಿಟಿ ಮಾಡಿಕೊಂಡು.

ಟಿಟಿ ಅಂದರೆ ಟೆಂಪೋ ಟ್ರಾವೆಲರ್. ಮದುವೆ, ನಾಮಕರಣ, ಶಬರಿಮಲೆ, ಹೊರನಾಡು, ಯಾವುದಕ್ಕೂ ನಮಗೆ ಅದು ಬೇಕು. 1987ರಿಂದ ನಮ್ಮ ದೇಶದಲ್ಲಿ ಬರುತ್ತಿದೆ. ಅದರ ಮೂಲ ಏನು ಗೊತ್ತಾ? ಜರ್ಮನಿಯ ಮರ್ಸಿಡಿಸ್ ಬೆಂಜ್ ಟಿ1 ವ್ಯಾನು. ಜರ್ಮನಿಯಲ್ಲಿ ಅದು 1977ರಲ್ಲಿ ಬಂದು 1995ರಲ್ಲಿ ನಿಂತಿತು. ಇಲ್ಲಿ ಎಂಜಿನ್ ಬದಲಾಗಿದೆ, ಮೂತಿ ತಿದ್ದಿದೆ, ಒಳಗೆ ಬಣ್ಣದ ಲೈಟು ಟಿವಿ ಎಲ್ಲ ಬಂದಿದೆ, ಆದರೆ ಪಕ್ಕದಿಂದ ನೋಡಿದರೆ ಅದೇ ಡಬ್ಬ. ಗಡಿಯ ಆಚೆಯ ಮೆಹ್ರಾನ್ ನೋಡಿ ಆಶ್ಚರ್ಯಪಟ್ಟ ನಾನು, ಅದಕ್ಕಿಂತ ಹಳೆಯ ಗಾಡಿಯಲ್ಲಿ ಕಿಟಕಿ ಸೀಟು ಹಿಡಿದು ಕೂತಿದ್ದೆ.

ಕುಣಿಗಲ್ ದಾಟಿದ ಮೇಲೆ ತಡೆಯಲಾಗದೆ ಹೇಳಿಯೇಬಿಟ್ಟೆ. "ಇದು ಬೆಂಜ್ ಗಾಡಿ ಕಣ್ರೀ."

ಹಿಂದಿನ ಸೀಟಿನಿಂದ ಚಿಕ್ಕಮ್ಮ ಕೇಳಿದರು. "ಹಂಗಾದ್ರೆ ಡ್ರೈವರ್‌ಗೆ ಬಾಟಾ ಜಾಸ್ತಿ ಕೊಡ್ಬೇಕೇನಪ್ಪಾ?"

ಡ್ರೈವರ್ ಕನ್ನಡಿಯಲ್ಲಿ ನನ್ನ ಕಡೆ ಬಹಳ ಪ್ರೀತಿಯಿಂದ ನೋಡಿದ.

ಇನ್ನು ಟೆಂಪೋ ಅನ್ನುವ ಪದ. ಅಂತರಸನಹಳ್ಳಿ ಮಾರ್ಕೆಟ್ಟಿಗೆ ತರಕಾರಿ ಹೊತ್ತು ಬರುವ ಯಾವ ಸಣ್ಣ ಗಾಡಿ ನೋಡಿದರೂ ನಾವು ಟೆಂಪೋ ಅನ್ನುತ್ತೇವೆ, ಅದನ್ನು ಯಾವ ಕಂಪನಿ ಮಾಡಿದರೂ ಸರಿ. ಅದು ಹ್ಯಾಂಬರ್ಗಿನ ವಿಡಾಲ್ ಆಂಡ್ ಸನ್ ಅನ್ನುವ ಕಂಪನಿಯ ಬ್ರ್ಯಾಂಡಿನ ಹೆಸರು. ಅವರ ಹಾನ್ಸಿಯಾಟ್ ಅನ್ನುವ ಮೂರು ಚಕ್ರದ ಗಾಡಿಯ ಲೈಸೆನ್ಸನ್ನು ಬಜಾಜ್ ಟೆಂಪೋ ತೆಗೆದುಕೊಂಡಿತು. ಜರ್ಮನಿಯಲ್ಲಿ ಆ ಗಾಡಿ 1950ರ ದಶಕದಲ್ಲೇ ನಿಂತಿತು, ಆ ಕಂಪನಿಯ ಹೆಸರೇ ಆಮೇಲೆ ಅಳಿಸಿ ಹೋಯಿತು. ನಮ್ಮಲ್ಲಿ ಗಾಡಿ 2000ದ ತನಕ ಬಂತು. ಹಂದಿ ಮೂತಿಯ ಆ ಮೂರು ಚಕ್ರದ ಗಾಡಿಯಲ್ಲಿ ಜನ ತುಂಬಿಕೊಂಡು ಹೋಗುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ, ಹಿಂದೆ ಕಾಲು ಇಳಿಬಿಟ್ಟು ಕೂರುವುದಕ್ಕೆ ಹುಡುಗರು ಜಗಳ ಆಡುತ್ತಿದ್ದರು. ಈಗ ಗಾಡಿಯೂ ಹೋಯಿತು. ಪದ ಮಾತ್ರ ಕೊರಟಗೆರೆ, ಮಧುಗಿರಿಯ ಹಳ್ಳಿಗಳಲ್ಲಿ ಗಟ್ಟಿಯಾಗಿ ನಿಂತಿದೆ.

ಅಪ್ಪ ಇದಕ್ಕೆಲ್ಲ ಆಶ್ಚರ್ಯಪಡಲಿಲ್ಲ. ಅವರು ಎಚ್‌ಎಂಟಿಯವರು. ನಮ್ಮೂರಿನ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಆ 800 ಕೂಡ ಸೊಸೈಟಿ ಸಾಲದಲ್ಲೇ ಬಂದದ್ದು. ಎಚ್‌ಎಂಟಿ ವಾಚು ಶುರುವಾದದ್ದೇ 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ. ಕೀಲಿ ಕೊಡುವ ಜನತಾ ವಾಚಿನ ಒಳಗೆ ಇದ್ದದ್ದು ಅವರಿಂದ ಕಲಿತ ಯಂತ್ರ. 1969ರ ಕೊನೆಯಲ್ಲಿ ಜಪಾನಿನ ಇನ್ನೊಂದು ಕಂಪನಿ, ಸೀಕೋ, ಕ್ವಾರ್ಟ್ಜ್ ವಾಚು ತಂದಿತು, ಲೋಕವೆಲ್ಲ ಬ್ಯಾಟರಿಯ ಕಡೆ ಓಡಿತು. ನಮ್ಮವರು ಕೀಲಿ ವಾಚನ್ನು ಬಿಡದೆ ಮಾಡುತ್ತಾ ಹೋದರು. ಕೊನೆಗೆ 2016ರಲ್ಲಿ ತುಮಕೂರಿನ ಕಾರ್ಖಾನೆ ಮುಚ್ಚಿತು, ಆ ಜಾಗ ಇಸ್ರೋಗೆ ಹೋಯಿತು. ಅಪ್ಪನ ಕೈಯಲ್ಲಿ ಇವತ್ತಿಗೂ ಅದೇ ಜನತಾ. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಹೆಬ್ಬೆರಳು ತೋರುಬೆರಳಲ್ಲಿ ಕೀಲಿ ಹಿಡಿದು, ಎಣಿಸಿಕೊಂಡು ತಿರುಗಿಸುತ್ತಾರೆ. ಬಿಗಿ ಬಂದ ಕೂಡಲೇ ಬೆರಳು ತಾನಾಗಿ ನಿಲ್ಲುತ್ತದೆ. ಕಣ್ಣು ಆಗ ಬೇರೆಲ್ಲೋ ಇರುತ್ತದೆ.

ಭಾಯ್ ಕೈಯನ್ನು ನೋಡಿದರೂ ಹಾಗೇ. ಕಾರ್ಬೊರೇಟರಿನ ಸ್ಕ್ರೂ ತಿರುಗಿಸುವಾಗ ಅವರು ಎಂಜಿನ್ ನೋಡುವುದಿಲ್ಲ, ರಸ್ತೆ ನೋಡುತ್ತಾರೆ. ಕಿವಿ ಮಾತ್ರ ಇಲ್ಲಿ. ಸದ್ದು ಒರಟಾಗಿ, ಆಮೇಲೆ ನುಣ್ಣಗಾಗಿ, ಇನ್ನೊಂದು ಕಾಲು ಸುತ್ತಿಗೆ ಮತ್ತೆ ಒರಟಾಗುತ್ತದೆ. ಆ ಕಾಲು ಸುತ್ತು ಹಿಂದಕ್ಕೆ ಬಂದು ನಿಲ್ಲಿಸುತ್ತಾರೆ. ಈ ಕೆಲಸ ಗೊತ್ತಿರುವವರು ಪ್ರತಿ ಊರಿನಲ್ಲೂ ನಾಲ್ಕು ಜನ ಇದ್ದರೆ ಆ ಕಾರು ಸಾಯುವುದಿಲ್ಲ. ಹಳೆಯ ಮಾಡೆಲ್‌ಗಳು ದೂರದ ದೇಶಗಳಲ್ಲಿ ಇಷ್ಟು ವರ್ಷ ಬಾಳುವುದಕ್ಕೆ ಅಗ್ಗದ ಅಚ್ಚು ಎಷ್ಟು ಕಾರಣವೋ ಇದೂ ಅಷ್ಟೇ ಕಾರಣ. ಹೊಸ ಕಾರಿಗೆ ಲ್ಯಾಪ್‌ಟಾಪ್ ಹಾಕಬೇಕು. ಇದಕ್ಕೆ 10 ನಂಬರ್, 12 ನಂಬರ್ ಸ್ಪ್ಯಾನರ್ ಸಾಕು. ಪಾವಗಡದ ಆಚೆ ಎಲ್ಲೋ ನಿಂತು ಹೋದರೂ ಯಾರಾದರೂ ಒಬ್ಬ ಬಂದು ಬಾನೆಟ್ ಎತ್ತಿ "ಡಿಸ್ಟ್ರಿಬ್ಯೂಟರ್ ಕ್ಯಾಪ್ ನೋಡಿದ್ರಾ" ಅನ್ನುತ್ತಾನೆ.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಹಳೆಯ ಕಾರಿನ ಹೊಗಳಿಕೆ ಆಗಿ, ನಾನೂ ಆರಾಮಾಗಿ ಇರುತ್ತಿದ್ದೆ. ಮಗಳು ಬಿಡಲಿಲ್ಲ.

ಅವಳಿಗೆ 19. ಬೆಂಗಳೂರಿನಲ್ಲಿ ಓದುತ್ತಾಳೆ, ಶನಿವಾರ ರಾತ್ರಿ ಬರುತ್ತಾಳೆ. ಡ್ರೈವಿಂಗ್ ಕಲಿತದ್ದು ಇದೇ 800ರಲ್ಲಿ. ನಾನು ಕರಾಚಿ, ತೊಲ್ಯಾತ್ತಿ ಅಂತ ಕಥೆ ಹೇಳುತ್ತಿದ್ದಾಗ ಸುಮ್ನೆ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಕೇಳಿದಳು. "ಆ ಹೊಸ ಮೆಹ್ರಾನ್‌ನಲ್ಲಿ ಏರ್‌ಬ್ಯಾಗ್ ಇತ್ತಾ?"

ಇರಲಿಲ್ಲ. 2019ರ ತನಕವೂ ಇರಲಿಲ್ಲ.

ಆಮೇಲೆ ಅವಳೇ ಹುಡುಕಿ ನನಗೆ ಒಂದು ವಿಡಿಯೋ ತೋರಿಸಿದಳು. ಇದು ಭಾಯ್ ತೋರಿಸಿದಂಥದ್ದಲ್ಲ. ಮೆಕ್ಸಿಕೋದಲ್ಲಿ ನಿಸ್ಸಾನ್ ಕಂಪನಿಯ ತ್ಸುರು ಅನ್ನುವ ಕಾರು ಇತ್ತು. ಜಪಾನಿ ಭಾಷೆಯಲ್ಲಿ ತ್ಸುರು ಅಂದರೆ ಕ್ರೌಂಚ ಪಕ್ಷಿ. 1990ರ ದಶಕದ ಆರಂಭದ ಸೆಂಟ್ರಾ ಕಾರು ಅದು, ಮೆಕ್ಸಿಕೋದಲ್ಲಿ 2017ರ ತನಕ ಹೊಸದಾಗಿ ಮಾರಿದರು. ಟ್ಯಾಕ್ಸಿಯವರ ಮೆಚ್ಚಿನ ಕಾರು, ಅಲ್ಲಿನ ಅತಿ ಅಗ್ಗದ ಸೆಡಾನು. 2016ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಒಂದು ಪರೀಕ್ಷೆ ಮಾಡಿದರು. ಒಂದು ಕಡೆಯಿಂದ 2015ರ ಹೊಸ ತ್ಸುರು, ಇನ್ನೊಂದು ಕಡೆಯಿಂದ ಅದೇ ಕಂಪನಿ ಅಮೆರಿಕದಲ್ಲಿ ಮಾರುತ್ತಿದ್ದ ಅತಿ ಅಗ್ಗದ ಸೆಡಾನ್, ವರ್ಸಾ. ಎರಡೂ ಮೆಕ್ಸಿಕೋದಲ್ಲೇ ತಯಾರಾದವು. ಎದುರುಬದುರು ಬಿಟ್ಟು ಡಿಕ್ಕಿ ಹೊಡೆಸಿದರು, ಎರಡರ ವೇಗ ಸೇರಿಸಿ ಗಂಟೆಗೆ ಸುಮಾರು 129 ಕಿ.ಮೀ. ವರ್ಸಾದ ಡ್ರೈವರ್ ಜಾಗದ ಬೊಂಬೆ ಏರ್‌ಬ್ಯಾಗಿಗೆ ಒರಗಿ ಕೂತಿತ್ತು. ತ್ಸುರುವಿನಲ್ಲಿ ಸ್ಟಿಯರಿಂಗೂ ಬೊಂಬೆಯೂ ಒಂದೇ ಜಾಗಕ್ಕೆ ಬಂದಿದ್ದವು.

ಮೂರು ಸಲ ನೋಡಿದೆ. ಕಾರು ಜಜ್ಜಿ ಹೋದದ್ದಕ್ಕಿಂತ ಇನ್ನೊಂದು ವಿಷಯ ತಲೆಯಲ್ಲಿ ಕೂತಿತು. ಒಂದೇ ಕಂಪನಿ, ಒಂದೇ ದೇಶದ ಕೆಲಸಗಾರರು. ಗಡಿ ದಾಟಿ ಹೋಗುವ ಕಾರು ಒಂದು ಥರ, ಕೆಲಸಗಾರ ತನ್ನ ಮನೆಗೆ ಕೊಳ್ಳುವ ಕಾರು ಇನ್ನೊಂದು ಥರ. ಎರಡಕ್ಕೂ ಹೊಸ ಕಾರು ಅಂತಲೇ ಹೆಸರು.

ಈ ಹಳೆಯ ಮಾಡೆಲ್‌ಗಳು ಕೊನೆಗೆ ಹೇಗೆ ಸತ್ತವು ನೋಡಿ. ಗಿರಾಕಿ ಬೇಡ ಅಂದದ್ದಕ್ಕೆ ಸತ್ತದ್ದು ಕಮ್ಮಿ. ಬ್ರೆಜಿಲ್ಲಿನ ಕೋಂಬಿ ವ್ಯಾನು 1957ರಿಂದ ಬರುತ್ತಿತ್ತು, 2014ರಿಂದ ಏರ್‌ಬ್ಯಾಗ್ ಮತ್ತು ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡುವ ಎಬಿಎಸ್ ಕಡ್ಡಾಯ ಅಂತ ಕಾನೂನು ಬಂದದ್ದೇ ತಡ, 2013ರ ಡಿಸೆಂಬರಿಗೆ ನಿಂತಿತು. ನಮ್ಮ 800 ಕೂಡ 2010ರಲ್ಲಿ ಹೊಗೆಯ ನಿಯಮ ಬಿಗಿಯಾದಾಗ 13 ದೊಡ್ಡ ನಗರಗಳಿಂದ ಮೊದಲು ಹೊರಗೆ ಬಿತ್ತು, ಆಮೇಲೆ ಪೂರ್ತಿ ನಿಂತಿತು. ಓಮ್ನಿ 2019ರಲ್ಲಿ ಹೋದದ್ದೂ ಡಿಕ್ಕಿ ಪರೀಕ್ಷೆಯ ಹೊಸ ನಿಯಮದ ಹೊತ್ತಿಗೇ. ಉಲ್ಟಾ ಹೋದದ್ದೂ ಉಂಟು. 2022ರಲ್ಲಿ ಯುದ್ಧದ ನಿರ್ಬಂಧದಿಂದ ಪಾರ್ಟು ಬರುವುದು ನಿಂತಾಗ ರಷ್ಯಾದಲ್ಲಿ ಲಾಡಾ ಗ್ರಾಂಟಾವನ್ನು ಏರ್‌ಬ್ಯಾಗೂ ಇಲ್ಲದೆ, ಎಬಿಎಸ್ಸೂ ಇಲ್ಲದೆ ಹೊಸದಾಗಿ ಮಾರಲು ಶುರು ಮಾಡಿದರು. ಹೊಸ ಕಾರು ಒಂದೇ ದಿನದಲ್ಲಿ 30 ವರ್ಷ ಹಳೆಯದಾಯಿತು.

"ಹಾಗಾದ್ರೆ ಹಳೇದೆಲ್ಲ ಕೆಟ್ಟದ್ದಾ?" ಅಂತ ನಾನು ಅವಳ ಜೊತೆ ವಾದಕ್ಕೆ ಇಳಿದೆ. ನನ್ನ ಹತ್ತಿರ ಒಂದು ಟ್ರಂಪ್ ಕಾರ್ಡ್ ಇತ್ತು. ಟೊಯೋಟಾ ಲ್ಯಾಂಡ್ ಕ್ರೂಸರ್ 70. 1984ರ ಜೀಪು, ನಮ್ಮ 800ರ ಅಪ್ಪ ಜಪಾನಿನಲ್ಲಿ ಹುಟ್ಟಿದ ವರ್ಷವೇ ಅದೂ ಹುಟ್ಟಿದ್ದು. ಇವತ್ತಿಗೂ ಹೊಸದಾಗಿ ಬರುತ್ತದೆ. ಕೊಳ್ಳುವವರು ಬಡವರೇನಲ್ಲ. ಆಸ್ಟ್ರೇಲಿಯಾದ ಗಣಿಯವರು, ದನ ಸಾಕುವವರು ದುಬಾರಿ ದುಡ್ಡು ಕೊಟ್ಟು ಕಾದು ಕೊಳ್ಳುತ್ತಾರೆ. ಆಫ್ರಿಕಾದಲ್ಲಿ ವಿಶ್ವಸಂಸ್ಥೆಯವರು ಓಡಾಡುವುದು ಅದರಲ್ಲೇ. ಜಪಾನಿನಲ್ಲಿ ನಿಲ್ಲಿಸಿದ್ದವರು 2014ರಲ್ಲಿ ಒಂದು ಸಲ, 2023ರಲ್ಲಿ ಇನ್ನೊಂದು ಸಲ ವಾಪಸ್ ತಂದರು.

ಮಗಳು ಎರಡು ನಿಮಿಷ ಫೋನಿನಲ್ಲಿ ತಡಕಾಡಿದಳು. "ಅದ್ರಲ್ಲಿ ಏರ್‌ಬ್ಯಾಗ್ ಹಾಕಿದಾರೆ ಅಪ್ಪ. ಎಬಿಎಸ್ಸೂ ಇದೆ."

ಹೌದು, ಆಸ್ಟ್ರೇಲಿಯಾದಲ್ಲಿ ಕೇಳುತ್ತಾರೆ, ಹಾಕಿದ್ದಾರೆ. ಆಕಾರ ಹಳೆಯದು ಇಟ್ಟುಕೊಂಡೇ ಒಳಗೆ ಬೇಕಾದದ್ದು ಹಾಕಲು ಬರುತ್ತದೆ ಅಂತಾಯಿತಲ್ಲ. ಬೇಕು ಅಂತ ಹಳೆಯದನ್ನು ಕೊಳ್ಳುವವನಿಗೆ ಅದು ಸಿಗುತ್ತದೆ. ಬೇರೆ ಇಲ್ಲ ಅಂತ ಹಳೆಯದನ್ನು ಕೊಳ್ಳುವವನಿಗೆ ಸಿಗುವುದಿಲ್ಲ. ನಾನು ಇಷ್ಟು ದಿನ ಈ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಇಬ್ಬರ ಮೇಲೂ ಪ್ರೀತಿಪಟ್ಟಿದ್ದೆ. ಲಾಹೋರಿನ ಆ ಹುಡುಗ ಪ್ಲಾಸ್ಟಿಕ್ ಕವರ್ ಸವರುತ್ತಿದ್ದಾಗ ನನಗೆ ನಮ್ಮ 1995 ನೆನಪಾಗಿ ಖುಷಿಯಾಗಿತ್ತು. ಅವನಿಗೆ ಅದು 2018. ಅವನ ದುಡ್ಡಿಗೆ ಸಿಗುತ್ತಿದ್ದ ಹೊಸ ಕಾರು ಅದೊಂದೇ ಇರಬಹುದು.

ಮತ್ತೆ ನಾನು ಯಾವ ಬೆಂಚಿನವನು? ನಮ್ಮ ಮನೆಯಲ್ಲಿ ಇನ್ನೊಂದು ಕಾರಿದೆ, ಹೆಂಡತಿ ಓಡಿಸುವುದು, ಆರು ಏರ್‌ಬ್ಯಾಗಿನದು. 800 ನನ್ನ ಶೋಕಿ. ಈ ವರ್ಷ ಅದರ ಆರ್‌ಸಿ ರಿನ್ಯೂ ಮಾಡಿಸಿದೆ, 600 ರೂಪಾಯಿ ಇದ್ದ ಫೀಸು 2022ರಲ್ಲೇ 5,000ಕ್ಕೆ ಏರಿತ್ತು. ಬೇಕು ಅಂತಲೇ ಕಟ್ಟಿದೆ. ಅಪ್ಪ 1995ರಲ್ಲಿ ಸಾಲ ಮಾಡಿ ಕೊಂಡಾಗ ಮಾತ್ರ ಅವರು ಆ ಇನ್ನೊಂದು ಬೆಂಚಿನಲ್ಲಿ ಕೂತಿದ್ದರು. ಆಗ ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಬೇರೆ ಏನು ಕೊಳ್ಳಬಹುದಿತ್ತು?

ಇಷ್ಟು ಆದ ಮೇಲೆ ಒಂದು ತೀರ್ಮಾನ ಮಾಡಿದೆ. ಮಗಳು 800 ತೆಗೆದುಕೊಂಡು ಹೈವೇಗೆ ಹೋಗುವ ಹಾಗಿಲ್ಲ. ಬೆಂಗಳೂರಿಗೆ ಬಸ್ಸು, ರೈಲು, ಇಲ್ಲ ಅಮ್ಮನ ಕಾರು. ಲಾರಿಗಳ ನಡುವೆ 650 ಕೆ.ಜಿ. ಗಾಡಿ ಬೇಡ. ಅವಳು ಒಪ್ಪಿಕೊಂಡಳು, ಆದರೆ ಹಾಗೇ ಬಿಡುವ ಜಾತಿಯಲ್ಲ.

"ನೀವು ಹೋದ್ ತಿಂಗಳು ಅದರಲ್ಲೇ ನೆಲಮಂಗಲಕ್ಕೆ ಹೋಗಿ ಬಂದ್ರಲ್ಲ."

ನಾನು ಒಬ್ಬನೇ ಹೋಗಿದ್ದೆ, ನಿಧಾನಕ್ಕೆ ಹೋಗಿದ್ದೆ, ಅಭ್ಯಾಸ ಇದೆ, ಅಂತೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ನಗು ಬಂತು.

ಪಾರ್ಟ್ ಎರಡು ದಿನಕ್ಕೆ ಬರುವುದು ನಾಲ್ಕು ದಿನಕ್ಕೆ ಬಂತು. ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಕಬ್ಬಿಣದ ಕಡ್ಡಿ, ಎರಡು ಪ್ಲಾಸ್ಟಿಕ್ ಬುಷ್. ಕಾರು ನಿಂತು 11 ವರ್ಷ ಆಗಿದೆ, ಬುಷ್ ಮಾತ್ರ ಹೊಚ್ಚ ಹೊಸದು, ಬೆರಳಿಗೆ ಎಣ್ಣೆ ಹತ್ತುತ್ತಿತ್ತು. ಭಾಯ್ ಹಾಕಿ ಕೊಟ್ಟರು. ಮಳೆ ಇರಲಿಲ್ಲ, ಆದರೂ ಗಾಜಿಗೆ ಒಂದು ಮಗ್ ನೀರು ಎರಚಿ ವೈಪರ್ ಓಡಿಸಿ ತೋರಿಸಿದರು. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ.

ಈಗ 800ರ ಗಡಿ ಕ್ಯಾತ್ಸಂದ್ರ. ಭಾನುವಾರ ಬೆಳಿಗ್ಗೆ ಆರೂವರೆಗೆ ಮಗಳು ಚೋಕ್ ಎಳೆದು ಸ್ಟಾರ್ಟ್ ಮಾಡುತ್ತಾಳೆ, ಅಪ್ಪ ಮುಂದೆ, ನಾನು ಹಿಂದೆ. ಬಟವಾಡಿ ತನಕ ಅವಳು ಎರಡನೇ ಗೇರಿನಲ್ಲೇ ಇರುತ್ತಾಳೆ, ಅಪ್ಪ ಏನೂ ಹೇಳುವುದಿಲ್ಲ, ಗೇರಿನ ಕಡೆ ನೋಡುತ್ತಾರೆ ಅಷ್ಟೇ. ತಟ್ಟೆ ಇಡ್ಲಿ ತಿಂದು, ಟೋಲ್ ಕಾಣುವ ಮೊದಲೇ ತಿರುಗಿಸಿಕೊಂಡು ವಾಪಸ್. ಹೋದ ಭಾನುವಾರ ಮನೆ ಮುಂದೆ ಕಾರು ನಿಂತಾಗ ಅಪ್ಪ ಕೈ ತಿರುಗಿಸಿ ಜನತಾ ನೋಡಿಕೊಂಡು, "ಹದಿನಾಲ್ಕು ನಿಮಿಷ" ಅಂದರು. ಅವಳು ಫೋನ್ ನೋಡಿ "ಹದಿನಾರು ತಾತ" ಅಂದಳು. ಅಪ್ಪ ವಾಚನ್ನು ಕಿವಿಗೆ ಹಿಡಿದು ಕೇಳಿ, ಸಮಾಧಾನವಾಗಿ ಇಳಿದರು.